ಹೃದಯ ಸೋತರೆ ಕಾಲೇಕೆ ಊದುತ್ತದೆ?

1944ರ ಮಾರ್ಚ್ 27. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ವಾಷಿಂಗ್ಟನ್ ಪಕ್ಕದ ಬೆಥೆಸ್ಡಾ ನೌಕಾಪಡೆ ಆಸ್ಪತ್ರೆಗೆ ತಪಾಸಣೆಗೆಂದು ಕರೆತಂದರು. ಚಳಿಗಾಲದಲ್ಲಿ ಬಂದ ಫ್ಲೂ ಹೋದರೂ ಕೆಮ್ಮು ಬಿಟ್ಟಿರಲಿಲ್ಲ. ಹಗಲಿಡೀ ಆಯಾಸ, ಕೆಲಸದ ನಡುವೆಯೇ ತೂಕಡಿಕೆ. ಮಗಳು ಆ್ಯನಾ ಪಟ್ಟು ಹಿಡಿದದ್ದರಿಂದ ಈ ತಪಾಸಣೆ ನಡೆಯಿತು. ಪರೀಕ್ಷೆ ಮಾಡಿದ ಯುವ ಹೃದ್ರೋಗ ತಜ್ಞ ಹೋವರ್ಡ್ ಬ್ರೂಯೆನ್ ಕಂಡದ್ದು ಬೇರೆಯೇ ಕಥೆ. ತುಟಿಗಳಲ್ಲಿ ನೀಲಿ ಛಾಯೆ, ಸ್ವಲ್ಪ ಮೈ ಅಲುಗಿಸಿದರೂ ಏದುಸಿರು, ಸ್ಟೆತಾಸ್ಕೋಪ್ ಇಟ್ಟರೆ ಶ್ವಾಸಕೋಶದ ತಳದಲ್ಲಿ ನೀರು ತುಂಬಿದ ಸದ್ದು, ಎಕ್ಸ್‌ರೇಯಲ್ಲಿ ಹಿಗ್ಗಿದ ಹೃದಯ, ರಕ್ತದೊತ್ತಡ 186/108. ಎರಡನೇ ಮಹಾಯುದ್ಧದ ನಡುವೆ ದೇಶ ನಡೆಸುತ್ತಿದ್ದ ಮನುಷ್ಯನಿಗೆ ಹೃದಯ ವೈಫಲ್ಯವಾಗಿತ್ತು.

ಡಿಜಿಟಾಲಿಸ್ ಎಂಬ ಔಷಧ, ವಿಶ್ರಾಂತಿ, ಉಪ್ಪು ಕಡಿಮೆ, ಸಿಗರೇಟು ಕಡಿಮೆ, ಮಲಗುವಾಗ ತಲೆಯ ಕಡೆ ಎತ್ತರಿಸಿದ ಹಾಸಿಗೆ. ಅಂದು ವೈದ್ಯರು ಕೊಟ್ಟ ಚಿಕಿತ್ಸೆ ಇಷ್ಟೇ. ಕೆಲವು ದಿನಗಳಲ್ಲಿ ಶ್ವಾಸಕೋಶದ ನೀರು ಇಳಿಯಿತು, ಕೆಮ್ಮೂ ಕಡಿಮೆಯಾಯಿತು. ಆದರೆ ರಕ್ತದೊತ್ತಡ ಇಳಿಸುವ ಒಳ್ಳೆಯ ಮಾತ್ರೆ ಆಗ ಜಗತ್ತಿನಲ್ಲೇ ಇರಲಿಲ್ಲ. ಅಧ್ಯಕ್ಷರು ಆರೋಗ್ಯವಾಗಿದ್ದಾರೆ ಎಂದೇ ಜನರಿಗೆ ತಿಳಿಸಲಾಯಿತು. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ರೂಸ್‌ವೆಲ್ಟ್ ತೀರಿಕೊಂಡರು. ಅವರಿಗೆ 63 ವರ್ಷ.

ಮುಂದಿನ ಅಧ್ಯಕ್ಷ ಹ್ಯಾರಿ ಟ್ರೂಮನ್ 1948ರಲ್ಲಿ ರಾಷ್ಟ್ರೀಯ ಹೃದಯ ಕಾಯ್ದೆಗೆ ಸಹಿ ಹಾಕಿದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಸ್ತ್ರೀಪುರುಷರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ಹೃದಯ ಹೇಗೆ ಕೆಡುತ್ತದೆ ಎಂಬುದರ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಊರಿನವರು ಕೊಟ್ಟ ಅರಿವು. ವಯಸ್ಸಾದ ಮೇಲೆ ಬಿಪಿ ಏರುವುದು ಸಹಜ, ಅದರಿಂದ ತೊಂದರೆಯಿಲ್ಲ ಎಂದು ವೈದ್ಯರೇ ನಂಬಿದ್ದ ಕಾಲವದು. 1996ರಲ್ಲಿ ಪ್ರಕಟವಾದ ಫ್ರೇಮಿಂಗ್‌ಹ್ಯಾಮ್ ವರದಿಯೊಂದು ಆ ನಂಬಿಕೆ ಎಷ್ಟು ತಪ್ಪಾಗಿತ್ತು ಎಂಬುದನ್ನು ಅಂಕಿಸಂಖ್ಯೆಯಲ್ಲೇ ತೋರಿಸಿತು. ಹೃದಯ ವೈಫಲ್ಯಕ್ಕೆ ತುತ್ತಾದವರಲ್ಲಿ ಶೇ 91ರಷ್ಟು ಜನರಿಗೆ ಅದಕ್ಕೂ ಮೊದಲೇ ಅಧಿಕ ರಕ್ತದೊತ್ತಡ ಇತ್ತು.

ಬಡಿಯುತ್ತಲೇ ಸೋಲುವ ಹೃದಯ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಹೃದಯ ಎಂದರೆ ನಮಗೆ ಮೊದಲು ನೆನಪಾಗುವುದು ಎದೆ ಹಿಡಿದುಕೊಂಡು ಕುಸಿಯುವ ಆಘಾತವೇ. ಸದ್ದಿಲ್ಲದೆ, ತಿಂಗಳುಗಟ್ಟಲೆ ವರ್ಷಗಟ್ಟಲೆ ಸಾಗುವ ಹೃದಯ ವೈಫಲ್ಯಕ್ಕೆ ಅಂಥ ಸಾಲು ಕಾಣುವುದಿಲ್ಲ. ಜಗತ್ತಿನಲ್ಲಿ 6 ಕೋಟಿಗೂ ಹೆಚ್ಚು ಜನ ಇದರೊಂದಿಗೆ ಬದುಕುತ್ತಿದ್ದಾರೆ.

ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಬಡಿತವೇ ನಿಂತರೆ ಹೃದಯ ಸ್ತಂಭನ. ಹೃದಯ ವೈಫಲ್ಯದಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ದೇಹ ಕೇಳುವಷ್ಟು ರಕ್ತವನ್ನು ತಳ್ಳಲಾರದು; ತಳ್ಳಿದರೂ ತನ್ನೊಳಗೆ ಒತ್ತಡ ಏರಿಸಿಕೊಂಡೇ ತಳ್ಳುತ್ತದೆ. ಮುಷ್ಟಿಗಾತ್ರದ, ಸುಮಾರು 300 ಗ್ರಾಂ ತೂಕದ ಈ ಅಂಗ ದಿನಕ್ಕೆ ಲಕ್ಷದಷ್ಟು ಸಲ ಬಡಿಯುತ್ತದೆ. ಸುಮ್ಮನೆ ಕುಳಿತಿದ್ದಾಗಲೂ ನಿಮಿಷಕ್ಕೆ ಐದು ಲೀಟರ್ ರಕ್ತ ತಳ್ಳುತ್ತದೆ. ಮೆಟ್ಟಿಲು ಹತ್ತುವಾಗ, ಬಸ್ಸಿಗೆ ಓಡುವಾಗ ಅದನ್ನು ಎರಡು ಮೂರು ಪಟ್ಟು ಹೆಚ್ಚಿಸಬೇಕು. ಸೋತ ಹೃದಯ ಮೊದಲು ಕೈಕೊಡುವುದು ಅಲ್ಲಿಯೇ. ಕುಳಿತವರಿಗೆ ಏನೂ ತೊಂದರೆಯಿಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ದಮ್ಮು.

ಹೃದಯ ಸೋಲುವ ರೀತಿ ಎರಡು. ಒಂದರಲ್ಲಿ ಸ್ನಾಯು ಬಲಗುಂದಿ, ಹಿಗ್ಗಿ, ಹಿಂಡಲಾರದೆ ಹೋಗುತ್ತದೆ. ಇನ್ನೊಂದರಲ್ಲಿ ಹಿಂಡುವ ಶಕ್ತಿ ಸರಿಯಾಗಿಯೇ ಇರುತ್ತದೆ, ಆದರೆ ಗೋಡೆ ಬಿರುಸಾಗಿರುವುದರಿಂದ ಅದು ಸಡಿಲಗೊಳ್ಳುವುದಿಲ್ಲ, ಹಾಗಾಗಿ ಒಳಗೆ ರಕ್ತ ಸರಿಯಾಗಿ ತುಂಬುವುದಿಲ್ಲ. ಈ ಎರಡನೆಯದು ವಯಸ್ಸಾದ ಹೆಂಗಸರಲ್ಲಿ, ಬೊಜ್ಜು, ಮಧುಮೇಹ, ಬಿಪಿ ಇರುವವರಲ್ಲಿ ಹೆಚ್ಚು.

ಹೃದಯದ ಎಕೋ (ಅಲ್ಟ್ರಾಸೌಂಡ್) ಪರೀಕ್ಷೆ ಮಾಡಿಸಿದವರ ಮನೆಯಲ್ಲಿ ‘ಪಂಪಿಂಗ್ 55 ಇದೆಯಂತೆ’ ಎಂಬ ಮಾತು ಕೇಳಿ ಗಾಬರಿಯಾಗುವವರಿದ್ದಾರೆ. ನೂರಕ್ಕೆ 55 ಎಂದರೆ ಅರ್ಧ ಹೃದಯ ಹೋಯಿತು ಎಂದು ಅವರ ಲೆಕ್ಕ. ಆದರೆ ಯಾವ ಆರೋಗ್ಯವಂತನ ಹೃದಯವೂ ತುಂಬಿಕೊಂಡ ರಕ್ತವನ್ನೆಲ್ಲ ಹೊರಹಾಕುವುದಿಲ್ಲ. ಮೈಗೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯಲ್ಲಿ 120 ಮಿಲಿ ಲೀಟರ್ ತುಂಬಿದ್ದರೆ ಒಂದು ಬಡಿತಕ್ಕೆ ಸುಮಾರು 70 ಮಿಲಿ ಲೀಟರ್ ಹೋಗುತ್ತದೆ, ಅಂದರೆ ಶೇ 58. ಹೀಗಾಗಿ 55 ಇದ್ದರೆ ಅದು ಸಹಜ. 40 ಅಥವಾ ಅದಕ್ಕಿಂತ ಕಡಿಮೆಯಾದರೆ ಹೃದಯ ಬಲಗುಂದಿದೆ ಎಂದರ್ಥ. ಇದರ ಇನ್ನೊಂದು ಮಗ್ಗುಲೂ ಇದೆ. ಪಂಪಿಂಗ್ ಸರಿಯಿದ್ದ ಮಾತ್ರಕ್ಕೆ ಹೃದಯ ವೈಫಲ್ಯ ಇಲ್ಲವೆನ್ನಲಾಗದು. ಬಿರುಸಾದ ಹೃದಯದಲ್ಲಿ ಆ ಸಂಖ್ಯೆ 60 ಇದ್ದರೂ ರೋಗಿಗೆ ರಾತ್ರಿ ಉಸಿರು ಕಟ್ಟಬಹುದು.

ಕಾರಣಗಳ ಪಟ್ಟಿ ಉದ್ದವಿದೆ

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ವೈದ್ಯರು 2013ರಲ್ಲಿ ಆ ಜಿಲ್ಲೆಯ 18 ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ದಾಖಲಾದ 1,205 ರೋಗಿಗಳ ವಿವರ ಸಂಗ್ರಹಿಸಿ, ಅವರನ್ನು ವರ್ಷಗಳ ಕಾಲ ಹಿಂಬಾಲಿಸಿದರು. ರೋಗಿಗಳ ಸರಾಸರಿ ವಯಸ್ಸು 61. ಪಶ್ಚಿಮದ ದೇಶಗಳಲ್ಲಿ ಹೀಗೆ ಆಸ್ಪತ್ರೆ ಸೇರುವವರಿಗಿಂತ ಸುಮಾರು ಹತ್ತು ವರ್ಷ ಚಿಕ್ಕವರು. ಶೇ 72ರಷ್ಟು ಜನರಲ್ಲಿ ಕಾರಣ ಒಂದೇ, ಹೃದಯದ ರಕ್ತನಾಳಗಳ ಕಾಯಿಲೆ. ಹೃದಯಾಘಾತದಲ್ಲಿ ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ, ಆ ಜಾಗದಲ್ಲಿ ಕಲೆ ಉಳಿಯುತ್ತದೆ. ಉಳಿದ ಸ್ನಾಯು ಎಲ್ಲರ ಪಾಲಿನ ಕೆಲಸ ಹೊತ್ತು ನಿಧಾನಕ್ಕೆ ಹಿಗ್ಗುತ್ತದೆ. ಆಘಾತದ ದಿನ ಆಸ್ಪತ್ರೆ ತಲುಪಲು ತಡವಾದಷ್ಟೂ ಸಾಯುವ ಸ್ನಾಯು ಹೆಚ್ಚು. 2023ರಲ್ಲಿ ಆರಂಭವಾದ ಕರ್ನಾಟಕದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಅದು ಅಂದಿನ ಜೀವ ಉಳಿಸುವುದರ ಜತೆಗೆ ಮುಂದಿನ ಹತ್ತು ವರ್ಷದ ಹೃದಯವನ್ನೂ ಉಳಿಸುತ್ತದೆ.

ಎರಡನೆಯದು ಬಿಪಿ. ಏರಿದ ಒತ್ತಡದ ಎದುರು ವರ್ಷಾನುಗಟ್ಟಲೆ ರಕ್ತ ತಳ್ಳಿ ಹೃದಯದ ಗೋಡೆ ದಪ್ಪವಾಗುತ್ತದೆ, ಬಿರುಸಾಗುತ್ತದೆ, ಕೊನೆಗೆ ಸೋಲುತ್ತದೆ. ಮಧುಮೇಹ ರಕ್ತನಾಳವನ್ನೂ ಸ್ನಾಯುವನ್ನೂ ಒಟ್ಟಿಗೇ ಕೆಡಿಸುತ್ತದೆ.

ಮೂರನೆಯದು ಬಡತನದ ಜತೆ ಬರುವ ಕಾಯಿಲೆ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲುನೋವು ಬರುತ್ತದೆ. ಸರಿಯಾದ ಔಷಧ ಸಿಗದಿದ್ದರೆ ಕೆಲವರಲ್ಲಿ ಅದು ಕೀಲು ಊದುವ ರುಮ್ಯಾಟಿಕ್ ಜ್ವರವಾಗುತ್ತದೆ. ರೋಗಾಣುವಿನ ಮೇಲೆ ತಿರುಗಿಬಿದ್ದ ದೇಹದ ರಕ್ಷಣಾ ಪಡೆ ಹೃದಯದ ಕವಾಟಗಳ ಮೇಲೂ ಎರಗುತ್ತದೆ. ಕವಾಟ ದಪ್ಪವಾಗಿ, ಅಂಟಿಕೊಂಡು, ಕಿರಿದಾಗುತ್ತದೆ. ಗಂಟಲುನೋವು ಮರೆತುಹೋದ ಹತ್ತು ಹದಿನೈದು ವರ್ಷದ ಮೇಲೆ, ಅಂಥ ಹುಡುಗಿಯೊಬ್ಬಳು ಮದುವೆಯಾಗಿ ಗರ್ಭಿಣಿಯಾದಾಗ, ಮೊದಲ ಸಲ ಉಸಿರು ಕಟ್ಟುತ್ತದೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರೆ ಮತ್ತೆ ಮತ್ತೆ ಬರುವ ಜ್ವರವನ್ನು ತಡೆದು ಕವಾಟವನ್ನು ಕಾಪಾಡಬಹುದು. ಕಿರಿದಾದ ಕವಾಟವನ್ನು ಎದೆ ತೆರೆಯದೆ ಬಲೂನಿನಿಂದ ಅಗಲಿಸುವ ಚಿಕಿತ್ಸೆಯೂ ಇದೆ. ಬೆಂಗಳೂರಿನ ಜಯದೇವ ಸಂಸ್ಥೆ ಅದಕ್ಕೆ ಹೆಸರಾಗಿದೆ.

ಬಸಿರಿನ ಕೊನೆಯ ತಿಂಗಳಿನಿಂದ ಬಾಣಂತನದ ಐದು ತಿಂಗಳವರೆಗೆ ಕೆಲವು ತಾಯಂದಿರ ಹೃದಯ ಇದ್ದಕ್ಕಿದ್ದಂತೆ ಬಲಗುಂದುತ್ತದೆ. ಕಾಲು ಊತ, ಸುಸ್ತು, ನಿದ್ದೆಗೇಡು ಬಾಣಂತಿಗೆ ಇದ್ದದ್ದೇ ಎಂದು ಮನೆಯವರು ತಿಳಿಯುವುದರಿಂದ ಇದು ಬೇಗ ಗೊತ್ತಾಗುವುದಿಲ್ಲ. ಮಲಗಿದರೆ ಉಸಿರಾಡಲಾಗದು ಎಂದು ಬಾಣಂತಿ ಹೇಳಿದರೆ ಅದನ್ನು ಆಯಾಸದ ಲೆಕ್ಕಕ್ಕೆ ಹಾಕಬಾರದು. ಬೇಗ ಗುರುತಿಸಿದರೆ ಬಹಳಷ್ಟು ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಮುಂದಿನ ಬಸಿರಿಗೆ ಮುನ್ನ ಮಾತ್ರ ಹೃದ್ರೋಗ ತಜ್ಞರ ಮಾತು ಕೇಳಲೇಬೇಕು.

ಅತಿಯಾದ ಕುಡಿತ, ವೈರಸ್ ಸೋಂಕು, ಕ್ಯಾನ್ಸರ್‌ಗೆ ಕೊಡುವ ಡಾಕ್ಸೊರುಬಿಸಿನ್‌ನಂಥ ಔಷಧ, ಥೈರಾಯ್ಡ್ ಏರುಪೇರು, ತೀವ್ರ ರಕ್ತಹೀನತೆ, ಲಯ ತಪ್ಪಿ ಓಡುವ ಬಡಿತ, ಹುಟ್ಟಿನಿಂದ ಬಂದ ದೋಷ, ಇವೆಲ್ಲವೂ ಪಟ್ಟಿಯಲ್ಲಿವೆ. ವಂಶವಾಹಿಯ ಪಾತ್ರವೂ ಇದೆ. ಹೈದರಾಬಾದ್‌ನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇಡೀ ಜಗತ್ತಿನ ಗಮನ ಸೆಳೆಯಿತು. ಹೃದಯ ಸ್ನಾಯುವಿನ ಒಂದು ಪ್ರೋಟೀನನ್ನು ತಯಾರಿಸುವ ಜೀನ್‌ನಲ್ಲಿ 25 ಅಕ್ಷರಗಳಷ್ಟು ಭಾಗ ಕಳೆದುಹೋಗಿರುವುದು ಭಾರತ ಉಪಖಂಡದ ಸುಮಾರು ಶೇ 4ರಷ್ಟು ಜನರಲ್ಲಿ ಕಂಡುಬಂತು. ಅಂಥವರಲ್ಲಿ ನಡುವಯಸ್ಸು ದಾಟಿದ ಮೇಲೆ ಹೃದಯ ವೈಫಲ್ಯದ ಅಪಾಯ ಹೆಚ್ಚು. ಯೌವನದಲ್ಲಿ ಏನೂ ತೋರದ ಕಾರಣ ಆ ದೋಷ ತಲೆಮಾರಿನಿಂದ ತಲೆಮಾರಿಗೆ ಸದ್ದಿಲ್ಲದೆ ಸಾಗಿ ಬಂದಿದೆ.

ರಕ್ಷಣೆಗೆ ಬಂದದ್ದೇ ಶಿಕ್ಷೆ

ಕಾರಣ ಏನೇ ಇರಲಿ, ಹೃದಯ ಸೋಲತೊಡಗಿದಾಗ ದೇಹ ಕೈಕಟ್ಟಿ ಕೂರುವುದಿಲ್ಲ. ಈ ಕಾಯಿಲೆಯ ತಿರುಳು ಇರುವುದು ದೇಹದ ಈ ಪ್ರತಿಕ್ರಿಯೆಯಲ್ಲೇ.

ಹೃದಯದಿಂದ ಹೊರಡುವ ರಕ್ತದಲ್ಲಿ ಐದನೇ ಒಂದು ಭಾಗ ಮೂತ್ರಪಿಂಡಗಳಿಗೆ ಹೋಗುತ್ತದೆ. ಆ ಹರಿವು ಇಳಿದರೆ ಮೂತ್ರಪಿಂಡಕ್ಕೆ ಹೃದಯ ಸೋತಿದೆ ಎಂದು ತಿಳಿಯುವ ದಾರಿಯಿಲ್ಲ. ರಕ್ತ ಸೋರಿದೆ ಅಥವಾ ಮೈಯಲ್ಲಿ ನೀರು ಬತ್ತಿದೆ ಎಂದೇ ಅದರ ಲೆಕ್ಕ. ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ಅದು ಎದುರಿಸಿದ ಆಪತ್ತುಗಳು ಗಾಯ, ಬಾಯಾರಿಕೆ, ಭೇದಿ. ಅದು ರೆನಿನ್ ಎಂಬ ವಸ್ತುವನ್ನು ಬಿಡುತ್ತದೆ. ಅದರಿಂದ ಆಂಜಿಯೊಟೆನ್ಸಿನ್ ಹುಟ್ಟಿ ರಕ್ತನಾಳಗಳನ್ನು ಬಿಗಿಯುತ್ತದೆ. ಬೆನ್ನಿಗೇ ಆಲ್ಡೊಸ್ಟೆರಾನ್ ಬಂದು ಉಪ್ಪನ್ನೂ ನೀರನ್ನೂ ಹೊರಬಿಡದೆ ಹಿಡಿದಿಡುತ್ತದೆ. ಇತ್ತ ನರವ್ಯೂಹ ಅಡ್ರಿನಲಿನ್ ಬಗೆಯ ರಾಸಾಯನಿಕಗಳನ್ನು ಸುರಿಸಿ ಹೃದಯದ ಬಡಿತವನ್ನು ಏರಿಸುತ್ತದೆ.

ಮೊದಮೊದಲು ಇದರಿಂದ ಉಪಕಾರವೇ ಆಗುತ್ತದೆ. ಹೆಚ್ಚು ರಕ್ತ ತುಂಬಿ ಹಿಗ್ಗಿದ ಹೃದಯ ಹೆಚ್ಚು ಬಲವಾಗಿ ಹಿಂಡುತ್ತದೆ. ಜರ್ಮನಿಯ ಒಟ್ಟೊ ಫ್ರಾಂಕ್ ಮತ್ತು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ನೂರು ವರ್ಷದ ಹಿಂದೆಯೇ ಈ ನಿಯಮವನ್ನು ಕಂಡುಕೊಂಡಿದ್ದರು. ಆದರೆ ತಿಂಗಳುಗಟ್ಟಲೆ ಇದೇ ಮುಂದುವರಿದರೆ, ದಣಿದ ಎತ್ತಿಗೆ ಬಾರುಕೋಲಿನ ಏಟು ಕೊಟ್ಟು ಏರು ಹತ್ತಿಸಿದಂತೆ. ಬಿಗಿದ ನಾಳಗಳ ಎದುರು ಇನ್ನಷ್ಟು ಶ್ರಮ, ಏರಿದ ಬಡಿತದಿಂದ ವಿಶ್ರಾಂತಿಯೇ ಇಲ್ಲ, ಸ್ನಾಯುಕೋಶಗಳು ಸಾಯುತ್ತವೆ, ನಡುವೆ ನಾರು ತುಂಬುತ್ತದೆ. ಹೃದಯ ತನ್ನ ಆಕಾರವನ್ನೇ ಕಳೆದುಕೊಂಡು ದುಂಡಗಾಗುತ್ತದೆ. ಹರಿವು ಇನ್ನೂ ಇಳಿಯುತ್ತದೆ, ಮೂತ್ರಪಿಂಡ ಇನ್ನೂ ನೀರು ಹಿಡಿಯುತ್ತದೆ.

ಇದಕ್ಕೆ ಎದುರಾಗಿ ಹೃದಯವೂ ಒಂದು ದನಿ ಎತ್ತುತ್ತದೆ. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಇಲಿಯ ಹೃದಯದ ಮೇಲುಕೋಣೆಯಾದ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಅವು ಹೇರಳವಾಗಿ ಮೂತ್ರ ಹೊಯ್ದವು. ಹಿಗ್ಗಿದ ಹೃದಯ ಉಪ್ಪನ್ನೂ ನೀರನ್ನೂ ಹೊರಹಾಕಿಸುವ ಹಾರ್ಮೋನನ್ನು ತಾನೇ ಸುರಿಸುತ್ತದೆ ಎಂಬುದು ಹಾಗೆ ಬೆಳಕಿಗೆ ಬಂತು. ಇಂದು ಬಿಎನ್‌ಪಿ ಎಂಬ ರಕ್ತಪರೀಕ್ಷೆ ಇದೇ ಕುಟುಂಬದ ಹಾರ್ಮೋನನ್ನು ಅಳೆಯುತ್ತದೆ. ಏದುಸಿರು ಹೃದಯದ್ದೋ ಆಸ್ತಮಾದ್ದೋ ಎಂಬ ಗೊಂದಲ ಬಿಡಿಸಲು ಅದು ದೊಡ್ಡ ನೆರವು.

ಕಾಲು, ಉಸಿರು, ಹೊಟ್ಟೆ, ತೋಳು

ಹಿಡಿದಿಟ್ಟ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಬಲ ಹೃದಯ ಸೋತಾಗ ದೇಹದಿಂದ ಮರಳುವ ರಕ್ತ ಅಭಿಧಮನಿಗಳಲ್ಲಿ ಕಟ್ಟಿಕೊಳ್ಳುತ್ತದೆ, ಅದರ ನೀರಿನಂಶ ಅಂಗಾಂಶಗಳಿಗೆ ಸೋರುತ್ತದೆ. ಭೂಮಿಯ ಸೆಳೆತಕ್ಕೆ ಅದು ಇಳಿಯುವುದು ಕಾಲಿಗೆ. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಬಿಗಿಯಾಗುತ್ತದೆ, ಕಾಲುಚೀಲ ಬಿಚ್ಚಿದರೆ ಆಳವಾದ ಗೆರೆ ಮೂಡಿರುತ್ತದೆ. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳನ್ನು ಐದಾರು ಸೆಕೆಂಡ್ ಒತ್ತಿಹಿಡಿದು ತೆಗೆದರೆ ಅಲ್ಲೊಂದು ಕುಳಿ ಉಳಿಯುತ್ತದೆ, ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಹೊರಗೆ ಊತ ಕಾಣುವ ಹೊತ್ತಿಗೆ ಮೈಯಲ್ಲಿ ಹಲವು ಲೀಟರ್ ನೀರು ಸೇರಿರುತ್ತದೆ. ಕಾಲು ಊದಿದವರಿಗೆಲ್ಲ ಹೃದಯ ವೈಫಲ್ಯ ಎಂದಲ್ಲ. ಮೂತ್ರಪಿಂಡ, ಯಕೃತ್ತು, ಉಬ್ಬಿದ ರಕ್ತನಾಳ, ಕೆಲವು ಬಿಪಿ ಮಾತ್ರೆಗಳಿಂದಲೂ ಊದುತ್ತದೆ. ಯಾವುದರಿಂದ ಎಂದು ತಿಳಿಯಲು ಪರೀಕ್ಷೆ ಬೇಕು.

ಎಡ ಹೃದಯ ಸೋತರೆ ರಕ್ತ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಹಗಲು ಕಾಲಿನಲ್ಲಿದ್ದ ನೀರು ಮಲಗಿದ ಮೇಲೆ ಮತ್ತೆ ರಕ್ತಕ್ಕೆ ಸೇರಿ ಎದೆಯ ಕಡೆ ಬರುತ್ತದೆ. ಹಾಗಾಗಿ ಒಂದು ದಿಂಬಿನ ಜಾಗದಲ್ಲಿ ಎರಡು, ಆಮೇಲೆ ಮೂರು. ಮಲಗಿ ಒಂದೆರಡು ಗಂಟೆಯಾದ ಮೇಲೆ ಉಸಿರು ಕಟ್ಟಿ ಎಚ್ಚರವಾಗುತ್ತದೆ. ರೋಗಿ ಎದ್ದು ಕಾಲು ಇಳಿಬಿಟ್ಟು ಕೂರುತ್ತಾರೆ, ಕಿಟಕಿ ತೆಗೆಯುತ್ತಾರೆ, ಸ್ವಲ್ಪ ಹೊತ್ತಿಗೆ ಸಮಾಧಾನವಾಗುತ್ತದೆ. ‘ಗ್ಯಾಸ್ ಇರಬೇಕು’ ಎಂದು ಒಂದು ಲೋಟ ಜೀರಿಗೆ ಕಷಾಯ ಕುಡಿದು ಮಲಗುವ ಮನೆಗಳು ಎಷ್ಟೋ. ಡಾಕ್ಟರ ಹತ್ತಿರ ಹೋದಾಗ ‘ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ’ ಎಂದು ಅವರು ಕೇಳುವುದು ಈ ಕಾರಣಕ್ಕೇ. ಬಗ್ಗಿ ರಂಗೋಲಿ ಹಾಕುವಾಗ, ಶೂ ಕಟ್ಟಿಕೊಳ್ಳುವಾಗ ಉಸಿರು ಸಿಕ್ಕಿಕೊಳ್ಳುವುದೂ ಇದರದೇ ಸೂಚನೆಯಾಗಿರಬಹುದು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದೂ ಅಷ್ಟೇ. ಮಲಗಿದಾಗ ಮೂತ್ರಪಿಂಡಗಳಿಗೆ ರಕ್ತ ಹೆಚ್ಚು ಸಿಗುತ್ತದೆ, ಹಗಲು ಹಿಡಿದಿಟ್ಟದ್ದನ್ನು ಅವು ಆಗ ಬಿಡುತ್ತವೆ.

ಹೊಟ್ಟೆಯ ಕಥೆ ಹೆಚ್ಚಿನವರಿಗೆ ಗೊತ್ತಿಲ್ಲ. ಯಕೃತ್ತಿನಲ್ಲಿ ರಕ್ತ ಕಟ್ಟಿ ಅದು ಊದಿಕೊಂಡಾಗ ಬಲಪಕ್ಕೆಯ ಕೆಳಗೆ ಭಾರ, ನೋವು. ಕರುಳಿನ ಗೋಡೆಯೂ ಊದುವುದರಿಂದ ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ವಾಕರಿಕೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಮುಂದುವರಿದರೆ ಹೊಟ್ಟೆಯೊಳಗೇ ನೀರು ತುಂಬುತ್ತದೆ. ಇದೇ ಹೊತ್ತಿಗೆ ತೋಳು, ತೊಡೆಯ ಮಾಂಸ ಕರಗುತ್ತದೆ. ತೂಕದ ಯಂತ್ರ ಹೆಚ್ಚು ತೋರಿಸುತ್ತಿರುತ್ತದೆ, ಏರಿದ್ದು ನೀರು, ಇಳಿದದ್ದು ಸ್ನಾಯು. ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಕಬ್ಬಿಣದ ಕೊರತೆಯೂ ಇರುತ್ತದೆ, ಅದು ಸುಸ್ತನ್ನು ಇಮ್ಮಡಿ ಮಾಡುತ್ತದೆ.

ಮಿದುಳಿಗೆ ಹರಿವು ಕಡಿಮೆಯಾದಾಗ ವಯಸ್ಸಾದವರಲ್ಲಿ ಮರೆವು, ಗಲಿಬಿಲಿ ಕಾಣಿಸಬಹುದು. ಹಿಗ್ಗಿದ ಹೃತ್ಕರ್ಣ ಲಯ ತಪ್ಪಿ ಕಂಪಿಸಿದರೆ ಅಲ್ಲಿ ಹೆಪ್ಪು ಕಟ್ಟಿ ಪಾರ್ಶ್ವವಾಯುವಿಗೆ ದಾರಿಯಾಗುತ್ತದೆ. ಹೃತ್ಕುಕ್ಷಿಯ ಲಯ ಕೆಟ್ಟರೆ ಹಠಾತ್ ಸಾವು. ಮೂತ್ರಪಿಂಡಗಳೂ ಕ್ರಮೇಣ ಕೆಡುತ್ತವೆ. ಒಂದು ಅಂಗದಲ್ಲಿ ಆರಂಭವಾದದ್ದು ಹೀಗೆ ಇಡೀ ದೇಹದ ಕಾಯಿಲೆಯಾಗುತ್ತದೆ.

ಹಾವಿನ ವಿಷದಿಂದ ಬಂದ ಮಾತ್ರೆ

1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಗಿಡದ ಎಲೆ ಮೈ ಊದಿದ ರೋಗಿಗಳಿಗೆ ಹೇಗೆ ನೆರವಾಗುತ್ತದೆ ಎಂದು ಪುಸ್ತಕ ಬರೆದ. ಅದರ ಸುಳಿವು ಸಿಕ್ಕದ್ದು ಶ್ರಾಪ್‌ಶೈರ್‌ನ ನಾಟಿ ವೈದ್ಯೆಯೊಬ್ಬಳು ಗುಟ್ಟಾಗಿ ಕೊಡುತ್ತಿದ್ದ ಸೊಪ್ಪಿನ ಕಷಾಯದಿಂದ. ಡಿಜಿಟಾಲಿಸ್ ಎಂದರೆ ಅದೇ. ಆಮೇಲೆ ಬಂದ ನೀರಿನ ಮಾತ್ರೆಗಳು ಊತ ಇಳಿಸಿ ಉಸಿರು ಸರಾಗ ಮಾಡಿದವು. ಆಯುಸ್ಸು ಹೆಚ್ಚಿಸುವ ಔಷಧ ಬರಲು 1980ರ ದಶಕದವರೆಗೆ ಕಾಯಬೇಕಾಯಿತು.

ಬ್ರೆಜಿಲ್‌ನ ಜರರಾಕ ಎಂಬ ಹಾವು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತಿತ್ತು. ಅಲ್ಲಿನ ವಿಜ್ಞಾನಿ ಸರ್ಜಿಯೊ ಫೆರೇರಾ ಆ ವಿಷದ ಸಾರವನ್ನು ಲಂಡನ್‌ನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ತಂದರು. ಆಂಜಿಯೊಟೆನ್ಸಿನ್ ಹುಟ್ಟದಂತೆ ತಡೆಯುವ ಮಾತ್ರೆ ಆ ದಾರಿಯಲ್ಲಿ ಸಿದ್ಧವಾಯಿತು. 1987ರಲ್ಲಿ ಇದೇ ಬಗೆಯ ಎನಲಾಪ್ರಿಲ್ ಮಾತ್ರೆಯನ್ನು ಹಾಸಿಗೆ ಹಿಡಿದಷ್ಟು ತೀವ್ರವಾದ ರೋಗಿಗಳಿಗೆ ಕೊಟ್ಟಾಗ ಆರು ತಿಂಗಳಲ್ಲಿ ಸಾವು ಶೇ 40ರಷ್ಟು ಇಳಿಯಿತು. ಸ್ವೀಡನ್ನಿನ ಯೋಟೆಬೊರಿಯ ಫಿನ್ ವಾಗ್‌ಸ್ಟೈನ್ 1975ರಲ್ಲೇ ಇನ್ನೊಂದು ಧೈರ್ಯ ಮಾಡಿದ್ದರು. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯನ್ನು ಸೋತ ಹೃದಯಕ್ಕೆ ಕೊಡಲೇಬಾರದು ಎಂಬ ಪಾಠವಿದ್ದ ಕಾಲದಲ್ಲಿ ಏಳು ರೋಗಿಗಳಿಗೆ ಕೊಟ್ಟು ಸುಧಾರಣೆ ಕಂಡರು. ಅವರ ಮಾತು ಒಪ್ಪಿಗೆಯಾಗಲು 1990ರ ದಶಕ ಮುಗಿಯಬೇಕಾಯಿತು. 1999ರಲ್ಲಿ ಆಲ್ಡೊಸ್ಟೆರಾನ್‌ಗೆ ತಡೆಯೊಡ್ಡುವ ಸ್ಪೈರನೊಲ್ಯಾಕ್ಟೋನ್ ಸಾವನ್ನು ಶೇ 30ರಷ್ಟು ಇಳಿಸಿದ ವರದಿ ಬಂತು.

ಈ ಮೂರೂ ಔಷಧಗಳು ಹೃದಯಕ್ಕೆ ಶಕ್ತಿ ಕೊಡುವ ಟಾನಿಕ್‌ಗಳಲ್ಲ. ದೇಹ ತಾನಾಗಿ ಹೂಡಿದ ರಕ್ಷಣೆಯನ್ನು ತಡೆದು, ಹೃದಯಕ್ಕೆ ಉಸಿರಾಡಲು ಬಿಡುವ ಔಷಧಗಳು. ನಾಲ್ಕನೆಯದು ಅಚ್ಚರಿಯಾಗಿ ಬಂತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಮಧುಮೇಹದ ಮಾತ್ರೆಗಳು ಹೃದಯಕ್ಕೆ ಹಾನಿ ಮಾಡುತ್ತವೆಯೇ ಎಂದು ಪರೀಕ್ಷಿಸಲು ಹೊರಟವರಿಗೆ 2015ರಲ್ಲಿ ಅವು ಹೃದಯ ವೈಫಲ್ಯವನ್ನೇ ಕಡಿಮೆ ಮಾಡುತ್ತವೆ ಎಂದು ತಿಳಿಯಿತು. 2019ರ ಹೊತ್ತಿಗೆ ಡಾಪಾಗ್ಲಿಫ್ಲೋಜಿನ್ ಮಧುಮೇಹ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಉಪಯುಕ್ತ ಎಂದು ಸಾಬೀತಾಯಿತು. ಭಾರತದಲ್ಲಿ 2020ರಲ್ಲಿ ಅದರ ಪೇಟೆಂಟ್ ಮುಗಿದು ದೇಶೀ ಕಂಪನಿಗಳೂ ತಯಾರಿಸುತ್ತಿರುವುದರಿಂದ ಬೆಲೆ ಇಳಿದಿದೆ. ಮಾತ್ರೆಗೆ ಬಗ್ಗದವರಿಗೆ ವಿಶೇಷ ಪೇಸ್‌ಮೇಕರ್, ಹಠಾತ್ ಲಯಭಂಗ ಸರಿಪಡಿಸುವ ಸಾಧನ, ಕೊನೆಗೆ ಹೃದಯ ಕಸಿ ಇದೆ. ನಮ್ಮ ದೇಶದಲ್ಲಿ ಯಶಸ್ವಿಯಾದ ಮೊದಲ ಕಸಿಯನ್ನು 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಮಾಡಿದರು.

ಇಷ್ಟೆಲ್ಲ ಇದ್ದರೂ ತಿರುವನಂತಪುರದ ಆ 1,205 ರೋಗಿಗಳಲ್ಲಿ ಐದು ವರ್ಷ ತುಂಬುವಷ್ಟರಲ್ಲಿ ಶೇ 59ರಷ್ಟು ಮಂದಿ ತೀರಿಕೊಂಡಿದ್ದರು. ಶಿಫಾರಸಾದ ಎಲ್ಲ ಮಾತ್ರೆ ಪಡೆದು ಮನೆಗೆ ಹೋದವರು ಕಡಿಮೆ, ಅವರೇ ಹೆಚ್ಚು ಕಾಲ ಬದುಕಿದವರು. 16 ದೇಶಗಳ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚೀನಾದ ರೋಗಿಗಳಲ್ಲಿ ಶೇ 7ರಷ್ಟು ಮಂದಿ ತೀರಿಕೊಂಡಿದ್ದರೆ, ಭಾರತದಲ್ಲಿ ಶೇ 23. ಔಷಧ ಇದ್ದೂ ರೋಗಿಗೆ ತಲುಪದಿರುವುದು, ತಲುಪಿದರೂ ನಿಂತುಹೋಗುವುದು ನಮ್ಮ ದೊಡ್ಡ ಕೊರತೆ.

ಮನೆಯ ಕೆಲಸ

ಮಾತ್ರೆ ನಿಲ್ಲುವುದು ಹೆಚ್ಚಾಗಿ ಗುಣ ಕಂಡಾಗ. ಊತ ಇಳಿಯಿತು, ನಿದ್ದೆ ಬಂತು, ಪಂಪಿಂಗ್ 30ರಿಂದ 50ಕ್ಕೆ ಏರಿತು, ಇನ್ನೇಕೆ ಮಾತ್ರೆ ಎಂಬ ಪ್ರಶ್ನೆ ಸಹಜ. ಲಂಡನ್‌ನ ವೈದ್ಯರು 2019ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹಿಗ್ಗಿದ ಹೃದಯ ಪೂರ್ತಿ ಚೇತರಿಸಿಕೊಂಡು, ಯಾವ ತೊಂದರೆಯೂ ಇಲ್ಲದ 51 ಜನರನ್ನು ಆರಿಸಿ, 25 ಜನರಲ್ಲಿ ವೈದ್ಯರ ಕಣ್ಗಾವಲಿನಲ್ಲೇ ಮಾತ್ರೆಗಳನ್ನು ಹಂತ ಹಂತವಾಗಿ ನಿಲ್ಲಿಸಿದರು. ಆರು ತಿಂಗಳೊಳಗೆ 11 ಜನರ ಹೃದಯ ಮತ್ತೆ ಸೋತಿತು. ಮಾತ್ರೆ ಮುಂದುವರಿಸಿದವರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ.

ಅಡುಗೆಮನೆಯಲ್ಲಿ ಉಪ್ಪಿನ ಲೆಕ್ಕ ಬೇಕು. ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು, ಬೇಕರಿ ತಿಂಡಿಯಲ್ಲಿ ಅಡಗಿದ ಉಪ್ಪು ಬೇರೆ. ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪು, ಹೇರಳ ಎಳನೀರು ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ಕೆಟ್ಟವರಿಗೆ ಅಪಾಯವಾಗಬಹುದು. ಡಾಕ್ಟರನ್ನು ಕೇಳಿಯೇ ಬಳಸಬೇಕು. ಮಂಡಿನೋವಿಗೆಂದು ಅಂಗಡಿಯಲ್ಲಿ ಕೊಂಡು ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳು ಮೈಯಲ್ಲಿ ನೀರು ಹಿಡಿಸಿ ಸ್ಥಿರವಾಗಿದ್ದ ರೋಗಿಯನ್ನು ಮತ್ತೆ ಆಸ್ಪತ್ರೆಗೆ ಸೇರಿಸಬಲ್ಲವು.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ತೂಕದ ಯಂತ್ರ. ಬೆಳಿಗ್ಗೆ ಮೂತ್ರ ಮಾಡಿ, ತಿಂಡಿಗೆ ಮುಂಚೆ, ದಿನವೂ ಒಂದೇ ಹೊತ್ತಿಗೆ ತೂಕ ನೋಡಿ ಕ್ಯಾಲೆಂಡರ್‌ನಲ್ಲಿ ಬರೆದಿಡಬೇಕು. ಮೂರು ದಿನದಲ್ಲಿ ಎರಡು ಕೆ.ಜಿ.ಗಿಂತ ಹೆಚ್ಚು ಏರಿದರೆ ಅದು ಊಟದಿಂದ ಬಂದದ್ದಲ್ಲ, ನೀರಿನಿಂದ. ಉಸಿರು ಕಟ್ಟುವವರೆಗೆ ಕಾಯದೆ ಅಂದೇ ಡಾಕ್ಟರಿಗೆ ಫೋನ್ ಮಾಡಬೇಕು.

ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಇದ್ದವರು, ಹಿಂದೆ ಹೃದಯಾಘಾತವಾದವರು, ಹೊಸ ಬಾಣಂತಿಯರು ಇದ್ದರೆ, ಅವರಿಗೆ ಮೆಟ್ಟಿಲು ಹತ್ತುವಾಗ ಹೊಸದಾಗಿ ದಮ್ಮು ಬರುತ್ತಿದ್ದರೆ, ರಾತ್ರಿ ಎದ್ದು ಕೂರುತ್ತಿದ್ದರೆ, ಕಾಲಿನ ಮೇಲೆ ಹೆಬ್ಬೆರಳಿನ ಕುಳಿ ಉಳಿಯುತ್ತಿದ್ದರೆ, ವಯಸ್ಸು, ಗ್ಯಾಸ್, ಸುಸ್ತು ಎಂದು ದಿನ ತಳ್ಳಬೇಡಿ. ಇಸಿಜಿ, ಎಕೋ ಮಾಡಿಸಿ. ಕಾಯಿಲೆ ಇದೆ ಎಂದಾದರೆ ಮಾತ್ರೆ ಶುರು ಮಾಡಿ, ಆರಾಮಾದ ಮೇಲೂ ಡಾಕ್ಟರನ್ನು ಕೇಳದೆ ಒಂದನ್ನೂ ನಿಲ್ಲಿಸಬೇಡಿ.